ಗಂಗಾಮೂಲದಿಂದ ಕೇಡಗಾಂವ್‌ಗೆ: ಪಂಡಿತಾ ರಮಾಬಾಯಿಯವರ ಸಂದೇಹ ಮತ್ತು ನಂಬಿಕೆ

ಪುಣೆಯಿಂದ ಕಲಬುರಗಿ, ರಾಯಚೂರು ಕಡೆಗೆ ರೈಲಿನಲ್ಲಿ ಹೋಗುವಾಗ ದೌಂಡ್ ಬರುವುದಕ್ಕೆ ಮುಂಚೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣವೊಂದು ಸಿಗುತ್ತದೆ. ಊರಿಗೆ ಹೋಗುವ ಸಡಗರದಲ್ಲಿ ನಾವು ಅದನ್ನು ಗಮನಿಸುವುದೇ ಇಲ್ಲ. ಆ ಊರಿನಲ್ಲೇ ಮುಕ್ತಿ ಮಿಷನ್ ಇದೆ. ಅದನ್ನು ಕಟ್ಟಿದ ಪಂಡಿತಾ ರಮಾಬಾಯಿಯವರನ್ನು ಮಹಾರಾಷ್ಟ್ರದವರು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ. ತಪ್ಪೇನಿಲ್ಲ. ಅವರ ಮನೆಮಾತು ಮರಾಠಿ, ಅವರ ದೊಡ್ಡ ಕೆಲಸವೆಲ್ಲ ನಡೆದದ್ದೂ ಇಲ್ಲೇ. ಆದರೆ ಹುಟ್ಟಿದ್ದು ನಮ್ಮ ಮಲೆನಾಡಿನಲ್ಲಿ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು.

ರಮಾಬಾಯಿಯವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ವಿಷಯ ಬರೆಯುತ್ತಾರೆ: ವಿಧವೆಯರಿಗಾಗಿ ಮಾಡಿದ ಕೆಲಸ ಮತ್ತು ಮತಾಂತರದ ಗಲಾಟೆ. ಅವರ ಬದುಕನ್ನು ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ವಿಷಯ. ಯಾರು ಏನು ಹೇಳಿದರೂ ಒರೆಗೆ ಹಚ್ಚಿ ನೋಡುವ ಸ್ವಭಾವ ಅವರದು. ಅಂಥ ಮನಸ್ಸು ಕೊನೆಗೆ ಒಂದು ನಂಬಿಕೆಯಲ್ಲಿ ನೆಲೆ ನಿಂತದ್ದು ಹೇಗೆ? ಆ ನೆಲೆ ಅಲುಗಾಡದಂತೆ ಮೂವತ್ತು ವರ್ಷ ಕಾಯ್ದುಕೊಂಡದ್ದು ಹೇಗೆ?

ಮೊದಲು ತಂದೆಯ ಕಥೆ ಹೇಳಬೇಕು. ಅನಂತಶಾಸ್ತ್ರಿಗಳು ಪುಣೆಯಲ್ಲಿ ಓದುತ್ತಿದ್ದಾಗ, ತಮ್ಮ ಗುರುಗಳ ಬಳಿ ಪೇಶ್ವೆಯ ಪತ್ನಿ ಸಂಸ್ಕೃತ ಕಲಿಯುತ್ತಿದ್ದುದನ್ನು ಕಂಡು ಬೆರಗಾಗಿದ್ದರು. ತಾನೂ ಹೆಂಡತಿಗೆ ಕಲಿಸಬೇಕು ಎಂಬ ಆಸೆ ಅಲ್ಲಿಂದ ಹುಟ್ಟಿತು. ಮೊದಲ ಹೆಂಡತಿ ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ ಯಾತ್ರೆಯೊಂದರಲ್ಲಿ ಕೈಹಿಡಿದ ಬಾಲವಧು ಲಕ್ಷ್ಮೀಬಾಯಿಗೆ ಕಲಿಸತೊಡಗಿದಾಗ ಬಂಧುಬಳಗ ತಿರುಗಿಬಿತ್ತು. ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಹೆಂಗಸರು ಸಂಸ್ಕೃತ ಕಲಿಯಬಾರದೆಂದು ಶಾಸ್ತ್ರದಲ್ಲಿಲ್ಲ ಎಂದು ಆಧಾರ ಸಮೇತ ವಾದಿಸಬೇಕಾಯಿತು. ಆಮೇಲೆ ಊರಿನ ಸಹವಾಸವೇ ಸಾಕೆಂದು ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ರಮಾಬಾಯಿಗೆ ಸಂಸ್ಕೃತ ಕಲಿಸಿದ್ದು ಇದೇ ಲಕ್ಷ್ಮೀಬಾಯಿ, ಬೆಳಗಿನ ಜಾವದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು.

ಕಾಡಿನ ಮನೆಗೂ ಯಾತ್ರಿಕರು, ವಿದ್ಯಾರ್ಥಿಗಳು ಬಂದರು. ಬಂದವರಿಗೆಲ್ಲ ಉಣಬಡಿಸಿ ಶಾಸ್ತ್ರಿಗಳ ಆಸ್ತಿ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಕಾಡು ಬಿಟ್ಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹಮಾಲನೊಬ್ಬ ತಲೆಯ ಮೇಲೆ ಹೊತ್ತ. ಅಲ್ಲಿಂದ ಮುಂದೆ ಅವರಿಗೆ ಊರೆಂಬುದಿಲ್ಲ. ತೀರ್ಥದಿಂದ ತೀರ್ಥಕ್ಕೆ ನಡೆಯುವುದು, ದೇವಸ್ಥಾನದಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು, ಉಳಿದದ್ದನ್ನು ಪುಣ್ಯಕ್ಕಾಗಿ ದಾನ ಮಾಡುವುದು. ಆ ಬದುಕಿನಲ್ಲಿ ಪ್ರತಿ ಸ್ನಾನಕ್ಕೂ ಪ್ರತಿ ಉಪವಾಸಕ್ಕೂ ಲೆಕ್ಕವಿತ್ತು. ಆ ಲೆಕ್ಕದ ಜೊತೆಗೇ ಒಂದು ಪ್ರಶ್ನೆಯೂ ನಡೆದು ಬರುತ್ತಿತ್ತು: ಇಷ್ಟು ಸಾಕಾಯಿತೇ?

1870ರ ದಶಕದ ಬರಗಾಲದಲ್ಲಿ ಆ ಪ್ರಶ್ನೆ ಹೊಟ್ಟೆಯವರೆಗೆ ಬಂತು. ಇದ್ದಬದ್ದ ಪಾತ್ರೆ ಪಡಗ ಮಾರಿದ ಹಣವೂ ಪೂಜೆಗೆ, ದಾನಕ್ಕೆ ಹೋಯಿತು. ದೇವರು ಕೈಬಿಡುವುದಿಲ್ಲ ಎಂದು ಕಾದರು. ಕೊನೆಗೆ ಕಾಡು ಹೊಕ್ಕು, ಎಲೆ, ಕಾಡುಹಣ್ಣು ತಿಂದು ದಿನ ನೂಕಿದರು. ಕಣ್ಣು ಕಾಣದಾಗಿದ್ದ ತಂದೆ ಮೊದಲು ಹೋದರು, ಸ್ವಲ್ಪ ದಿನಕ್ಕೆ ತಾಯಿ, ಆಮೇಲೆ ಅಕ್ಕ ಕೃಷ್ಣಾಬಾಯಿ. ತಾಯಿಯ ಚಟ್ಟಕ್ಕೆ ಹೆಗಲು ಕೊಡಲು ಅಣ್ಣ ಶ್ರೀನಿವಾಸನ ಜೊತೆಗೆ ಇಬ್ಬರು ಮಾತ್ರ ಸಿಕ್ಕರು. ನಾಲ್ಕನೆಯವಳಾಗಿ ಮಗಳೇ ನಿಂತಳು. ಎತ್ತರ ಸಾಲದೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತಳು.

ಉಳಿದ ಅಣ್ಣ ತಂಗಿ ಇಬ್ಬರೂ ಮತ್ತೆ ನಡೆದರು, ದಕ್ಷಿಣದಿಂದ ಪಂಜಾಬಿನವರೆಗೆ. ಝೇಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ಮರಳನ್ನೇ ಹೊದ್ದು ಮಲಗಿದರು. ದಾರಿಯಲ್ಲಿ ಕನ್ನಡ, ಹಿಂದೂಸ್ತಾನಿ, ಬಂಗಾಳಿ ಎಲ್ಲ ನಾಲಿಗೆಗೆ ಬಂತು. ಈ ಅಲೆದಾಟದ ಕಾಲದ್ದೊಂದು ಪ್ರಸಂಗವನ್ನು ರಮಾಬಾಯಿ ಮುಂದೆ ತಮ್ಮ ಸಾಕ್ಷ್ಯದಲ್ಲಿ ಬರೆದಿದ್ದಾರೆ. ಒಂದು ಸರೋವರದಲ್ಲಿ ತೇಲುವ ಬೆಟ್ಟಗಳಿವೆ, ಪುಣ್ಯವಂತರು ಪ್ರಾರ್ಥಿಸಿದರೆ ಅವು ದಡಕ್ಕೆ ಬರುತ್ತವೆ ಎಂಬ ಪ್ರತೀತಿ. ನೀರಿನಲ್ಲಿ ಮೊಸಳೆಯಿದೆ, ಇಳಿಯಬೇಡಿ ಎಂಬ ಎಚ್ಚರಿಕೆ ಬೇರೆ. ಅಣ್ಣ ನಸುಕಿನಲ್ಲಿ ಯಾರೂ ಇಲ್ಲದಾಗ ಈಜಿ ಹೋಗಿ ನೋಡಿದ. ತೆಪ್ಪದ ಮೇಲೆ ಮಣ್ಣು ಹಾಕಿ ಗಿಡ ನೆಟ್ಟ ಬೆಟ್ಟಗಳು ಅವು, ಹಿಂದಿನಿಂದ ತಳ್ಳಲು ಜನರಿದ್ದರು. ಈ ಅಣ್ಣ ತಂಗಿಯರ ಸ್ವಭಾವ ನನಗೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1878ರಲ್ಲಿ ಕಲ್ಕತ್ತೆ ಸೇರಿದಾಗ ಇಪ್ಪತ್ತರ ಈ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಹೆಂಗಸರಿಗೆ ಅವರ ಧರ್ಮದ ಬಗ್ಗೆ ಉಪನ್ಯಾಸ ಮಾಡಿ ಎಂದರು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ಹರಡಿಕೊಂಡು ಕೂತಾಗಲೇ ತೊಂದರೆ ಶುರುವಾಯಿತು. ಬೇರೆ ಎಲ್ಲ ವಿಷಯದಲ್ಲೂ ಒಂದಕ್ಕೊಂದು ಭಿನ್ನವಾದ ಗ್ರಂಥಗಳು ಹೆಣ್ಣಿನ ಕೀಳುತನದ ವಿಷಯದಲ್ಲಿ ಮಾತ್ರ ಒಮ್ಮತದಲ್ಲಿದ್ದಂತೆ ಅವರಿಗೆ ಕಂಡಿತು. ಹೆಣ್ಣಿಗೂ ಶೂದ್ರನಿಗೂ ಮೋಕ್ಷಕ್ಕೆ ನೇರ ದಾರಿಯಿಲ್ಲ ಎಂದು ಅವರು ಓದಿಕೊಂಡರು. ಬ್ರಾಹ್ಮ ಸಮಾಜದ ಕೇಶವಚಂದ್ರ ಸೇನರು ವೇದವನ್ನೂ ಓದಿ ಎಂದು ಪ್ರತಿಯೊಂದನ್ನು ಕೈಗಿತ್ತರು. ಅದರಿಂದಲೂ ಸಮಾಧಾನವಾಗಲಿಲ್ಲ. ನಮ್ಮ ಓದುಗರಲ್ಲಿ ಹಲವರು ಈ ಓದನ್ನು ಒಪ್ಪಲಿಕ್ಕಿಲ್ಲ, ಅವರ ಕಾಲದಲ್ಲೂ ಒಪ್ಪದವರಿದ್ದರು. ಇಲ್ಲಿ ಹೇಳಬೇಕಾದದ್ದು ಇಷ್ಟೇ, ಹಳೆಯ ಪ್ರಶ್ನೆ ಈಗ ಇನ್ನಷ್ಟು ಕಠಿಣವಾಯಿತು. ಎಷ್ಟು ಮಾಡಿದರೆ ಸಾಕು ಎಂದು ಕೇಳುತ್ತಿದ್ದವರಿಗೆ, ಹೆಣ್ಣಾದ ತನಗೆ ಎಷ್ಟು ಮಾಡಿದರೂ ಸಾಲದು ಎಂಬ ಉತ್ತರ ಬಂದಂತಾಯಿತು.

ಮುಂದಿನ ಎರಡು ವರ್ಷ ಓಡಿದವು. 1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು, ಜಾತಿ ಪ್ರಾಂತ ಎರಡನ್ನೂ ಮೀರಿ, ಮದುವೆಯಾದರು. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಒಯ್ದಿತು. ಇಪ್ಪತ್ಮೂರಕ್ಕೆ ವಿಧವೆ. ಸಿಲ್ಚಾರ್‌ನ ಮನೆಯಲ್ಲಿ ಅವರಿಗೆ ಸಿಕ್ಕಿದ್ದ ಬಂಗಾಳಿ ಲೂಕನ ಸುವಾರ್ತೆಯೇ ಕ್ರೈಸ್ತ ಧರ್ಮದ ಮೇಲೆ ಮನಸ್ಸು ಹರಿಯುವುದಕ್ಕೆ ಕಾರಣವಾಯಿತು. ಗಂಡನಿಗೆ ಅದು ಇಷ್ಟವಿರಲಿಲ್ಲ.

ಮಗುವನ್ನು ಎತ್ತಿಕೊಂಡು ಪುಣೆಗೆ ಬಂದ ರಮಾಬಾಯಿ ಅದೇ ವರ್ಷ ಆರ್ಯ ಮಹಿಳಾ ಸಮಾಜ ಕಟ್ಟಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ವೈದ್ಯರಾಗಿ ಹೆಣ್ಣುಮಕ್ಕಳೇ ಬೇಕು ಎಂದು ವಾದಿಸಿದರು. ತಾವೇ ವೈದ್ಯೆಯಾಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾಗುತ್ತಾ ಬಂದು ಆ ಆಸೆ ಕೈಗೂಡಲಿಲ್ಲ.

ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಮಠವೊಂದರಲ್ಲಿ ಅವರ ವಾಸ. ಆ ಸಿಸ್ಟರ್‌ಗಳು ಲಂಡನ್ನಿನ ಫುಲಂನಲ್ಲಿ ದಾರಿತಪ್ಪಿದ ಹೆಂಗಸರಿಗಾಗಿ ನಡೆಸುತ್ತಿದ್ದ ಆಶ್ರಯವನ್ನು ನೋಡಿ ಅವರು ಕರಗಿಹೋದರು. ಸಮಾಜ ಕಸದಂತೆ ಎಸೆದ ಹೆಣ್ಣನ್ನು ಇವರು ಯಾಕೆ ಎತ್ತಿಕೊಳ್ಳುತ್ತಾರೆ ಎಂದು ಕೇಳಿದರು. ಉತ್ತರವಾಗಿ ಸಿಸ್ಟರ್ ಒಬ್ಬರು ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆ ಓದಿಸಿದರು. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಮಾತ್ರ ಪರದೇಶದ ಆ ವಾತಾವರಣದಲ್ಲಿ ಮನಸ್ಸು ಕೆಟ್ಟು ಪ್ರಾಣ ಕಳೆದುಕೊಂಡರು. ಅದಾದ ಸ್ವಲ್ಪ ದಿನಕ್ಕೇ, 1883ರ ಸೆಪ್ಟೆಂಬರ್ 29ರಂದು, ರಮಾಬಾಯಿ ಮತ್ತು ಮಗು ಮನೋರಮಾಗೆ ದೀಕ್ಷಾಸ್ನಾನವಾಯಿತು.

ಇಲ್ಲಿಗೆ ಸಂದೇಹ ಮುಗಿಯಿತು ಎಂದುಕೊಂಡರೆ ನಾವು ಅವರನ್ನು ಅರಿಯಲಿಲ್ಲ ಎಂದೇ ಅರ್ಥ. ಮುಂದಿನ ಎರಡು ವರ್ಷ ಅವರು ಸಿಸ್ಟರ್ ಜೆರಾಲ್ಡೀನ್ ಅವರೊಡನೆ, ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನ ಮುಖ್ಯಸ್ಥೆ ಡೊರೋಥಿಯಾ ಬೀಲ್ ಅವರೊಡನೆ ನಡೆಸಿದ ಪತ್ರವ್ಯವಹಾರ ಒಂದು ದಪ್ಪ ಪುಸ್ತಕವಾಗುವಷ್ಟಿದೆ. ತ್ರಯೇಕತ್ವವನ್ನು ಯಾಕೆ ಒಪ್ಪಬೇಕು? ಕ್ರಿಸ್ತನ ದೈವತ್ವಕ್ಕೆ ಆಧಾರವೇನು? ಈ ವಿಶ್ವಾಸ ಪ್ರಮಾಣವನ್ನು ನಂಬದವರು ನಾಶವಾಗುತ್ತಾರೆ ಎಂದು ಸಭೆ ಹೇಳಲು ಅಧಿಕಾರ ಕೊಟ್ಟವರಾರು? ತನಗೆ ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕಿರಬೇಕು, ಸಂಸ್ಕೃತ ಯಾಕಾಗಬಾರದು? ಸಿಸ್ಟರ್ ಜೆರಾಲ್ಡೀನ್‌ಗೆ ಇದೆಲ್ಲ ಬುದ್ಧಿಯ ಗರ್ವದಂತೆ ಕಂಡಿತು. ರಮಾಬಾಯಿಗೆ ಅದು ಆತ್ಮಸಾಕ್ಷಿಯ ಪ್ರಶ್ನೆ. ಒಂದು ಪುರೋಹಿತ ವರ್ಗದ ಹಿಡಿತದಿಂದ ಬಿಡಿಸಿಕೊಂಡವರು ಇನ್ನೊಂದರ ಹಿಡಿತಕ್ಕೆ ಹೋಗಲು ಸಿದ್ಧರಿರಲಿಲ್ಲ. ಮಾಂಸಾಹಾರವನ್ನಂತೂ ಜೀವನಪೂರ್ತಿ ಮುಟ್ಟಲಿಲ್ಲ.

ಈ ಪ್ರಶ್ನೆಗಳ ಕೆಳಗೆ ಹಳೆಯ ಪ್ರಶ್ನೆಯೇ ವೇಷ ಬದಲಿಸಿ ಕೂತಿತ್ತು ಎಂದು ನನಗನ್ನಿಸುತ್ತದೆ. ಯಾತ್ರೆಯ ದಿನಗಳಲ್ಲಿ ಕೇಳಿದ್ದು, ನಾನು ಮಾಡಿದ್ದು ಸಾಕೇ? ವಾಂಟೇಜ್‌ನಲ್ಲಿ ಕೇಳಿದ್ದು, ನಾನು ಅರ್ಥಮಾಡಿಕೊಂಡದ್ದು ಸಾಕೇ, ಸರಿಯಾಗಿ ನಂಬಿದ್ದೇನೆಯೇ? ಮೊದಲನೆಯದು ಪುಣ್ಯದ ಲೆಕ್ಕ, ಎರಡನೆಯದು ಪರೀಕ್ಷೆಯ ಅಂಕ. ಎರಡರಲ್ಲೂ ತೂಗುತ್ತಿದ್ದದ್ದು ತಮ್ಮನ್ನೇ.

1886ರಲ್ಲಿ ಬಂಧು ಆನಂದಿಬಾಯಿ ಜೋಶಿಯವರು ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲು ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ, ಅಮೆರಿಕದಲ್ಲೇ ಎರಡು ವರ್ಷಕ್ಕೂ ಹೆಚ್ಚು ಉಳಿದರು. ಮೇಲ್ಜಾತಿಯ ಹಿಂದೂ ಹೆಣ್ಣಿನ ಸ್ಥಿತಿಯ ಬಗ್ಗೆ ಅವರ ಇಂಗ್ಲಿಷ್ ಪುಸ್ತಕ 1887ರಲ್ಲಿ ಬಂತು. ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘ ಹುಟ್ಟಿ ಹತ್ತು ವರ್ಷ ಧನಸಹಾಯಕ್ಕೆ ಒಪ್ಪಿತು. 1889ರ ಮಾರ್ಚ್ 11ರಂದು ಬೊಂಬಾಯಿಯ ಚೌಪಾಟಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ಶುರುವಾಯಿತು, ಮರುವರ್ಷ ಪುಣೆಗೆ ಬಂತು. ಅಲ್ಲಿ ಓದಿದ ಗೋದೂಬಾಯಿ ಎಂಬ ವಿಧವೆಯನ್ನೇ ಮುಂದೆ ಧೋಂಡೋ ಕೇಶವ ಕರ್ವೆಯವರು ಮದುವೆಯಾದದ್ದು.

ಹೊರಗೆ ನೋಡಿದರೆ ಯಶಸ್ಸು. ಒಳಗೆ ಏನೋ ಕೊರತೆ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದಿದ್ದರೂ ತನಗೆ ಸಿಕ್ಕಿರುವುದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂಬ ಭಾವ ಅವರನ್ನು ಕಾಡುತ್ತಿತ್ತು. ಆ ಹೊತ್ತಿನಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಓದಿದರು. ಈ ಹ್ಯಾಸ್ಲಮ್ ವರ್ಷಗಟ್ಟಲೆ ಬೋಧನೆ ಮಾಡಿದವರು, ಗುಡಿ ಕಟ್ಟಿಸಿದವರು. 1851ರಲ್ಲಿ ಒಂದು ದಿನ ತಮ್ಮದೇ ಪ್ರವಚನದ ನಡುವೆ, ತಾನು ಹೇಳುತ್ತಿರುವುದು ತನಗೇ ಇನ್ನೂ ಆಗಿಲ್ಲವೆಂದು ಅವರಿಗೆ ಹೊಳೆದಿತ್ತು. ರಮಾಬಾಯಿಗೆ ಅದರಲ್ಲಿ ತಮ್ಮ ಮುಖ ಕಂಡಿತು. ಬೈಬಲನ್ನು ಮತ್ತೆ ಮೊದಲಿನಿಂದ ಓದಿದರು. ಪಾಪಕ್ಷಮೆ ಎಂಬುದು ಸಂಪಾದಿಸುವ ವಸ್ತುವಲ್ಲ, ಕೊಡುಗೆ. ಜನ್ಮಾಂತರಗಳ ಕೊನೆಗೆ ಸಿಗುವಂಥದ್ದಲ್ಲ, ಈ ಹೊತ್ತಿನದು. ಜಾತಿ, ಲಿಂಗ, ವಿದ್ಯೆ ಯಾವುದರ ಷರತ್ತೂ ಅದಕ್ಕಿಲ್ಲ. ಈ ಮಾತುಗಳನ್ನು ಅವರು ಮೊದಲೂ ಕೇಳಿದ್ದರು, ಇತರರಿಗೆ ಹೇಳಿಯೂ ಇದ್ದರು. 1891ರ ಸುಮಾರಿಗೆ ಅದು ತನಗಾಗಿ ಎಂದು ಹಿಡಿದುಕೊಂಡರು. ಸಾಕೇ ಎಂಬ ಪ್ರಶ್ನೆ ಅಲ್ಲಿ ಬಿದ್ದುಹೋಯಿತು, ಏಕೆಂದರೆ ಲೆಕ್ಕವೇ ಅವರ ಹೆಸರಿನಲ್ಲಿ ಉಳಿಯಲಿಲ್ಲ.

ಅಪೊಸ್ತಲ ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ ರಕ್ಷಣೆಯನ್ನು ತಲೆಗೆ ಹಾಕುವ ಶಿರಸ್ತ್ರಾಣಕ್ಕೆ ಹೋಲಿಸುತ್ತಾನೆ. ಹೆಲ್ಮೆಟ್ಟನ್ನು ತಲೆಗಿಂತ ಸ್ಕೂಟರಿನ ಕನ್ನಡಿಗೇ ಹೆಚ್ಚಾಗಿ ತೊಡಿಸುವ ಪುಣೆಯವರಿಗೆ ಈ ಹೋಲಿಕೆ ಚೆನ್ನಾಗಿ ಅರ್ಥವಾಗಬೇಕು! ಹೆಲ್ಮೆಟ್ ಹಾಕಿದ ಮಾತ್ರಕ್ಕೆ ರಸ್ತೆಯ ಗುಂಡಿ ಮುಚ್ಚುವುದಿಲ್ಲ. ರಮಾಬಾಯಿಗೂ 1891ರ ನಂತರ ಪ್ರಶ್ನೆಗಳು ನಿಲ್ಲಲಿಲ್ಲ, ಪೆಟ್ಟುಗಳೂ ನಿಲ್ಲಲಿಲ್ಲ. ಆದರೆ ಪೆಟ್ಟು ಬಿದ್ದಾಗ ತಾನು ದೇವರಿಗೆ ಬೇಕಾದವಳೋ ಅಲ್ಲವೋ ಎಂದು ಮತ್ತೆ ಮೊದಲಿನಿಂದ ಯೋಚಿಸಬೇಕಾಗಲಿಲ್ಲ.

ಮೊದಲ ದೊಡ್ಡ ಪೆಟ್ಟು 1893ರಲ್ಲಿ. ಶಾರದಾ ಸದನದಲ್ಲಿ ಧರ್ಮಬೋಧನೆ ಇರುವುದಿಲ್ಲ ಎಂಬುದು ಒಪ್ಪಂದ. ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ತೆರೆದಿರುತ್ತಿತ್ತು, ಹುಡುಗಿಯರು ಬಂದು ಕೂರುತ್ತಿದ್ದರು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರರಂಥವರೇ ಸಲಹಾ ಮಂಡಳಿ ಬಿಟ್ಟು ಹೊರನಡೆದರು. ಹಲವರು ತಮ್ಮ ಮಕ್ಕಳನ್ನು ಕರೆದೊಯ್ದರು. ತೆರೆದ ಬಾಗಿಲೂ ಒಂದು ಬಗೆಯ ಕರೆಯೇ ಎಂಬ ಟೀಕಾಕಾರರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಯಾರನ್ನೂ ಒತ್ತಾಯಿಸಿಲ್ಲ, ಆದರೆ ತನ್ನ ನಂಬಿಕೆಯನ್ನು ಬಚ್ಚಿಡಲೂ ಆಗದು ಎಂಬುದು ರಮಾಬಾಯಿಯವರ ನಿಲುವು. ಬಾಗಿಲು ಮುಚ್ಚಲಿಲ್ಲ.

ಎರಡನೆಯದು ಲೋನಾವಳದ ಪ್ರಸಂಗ. ಲೆಕ್ಕ ಇಷ್ಟಪಡುವವರಿಗೆ ಇದು ರುಚಿಸುತ್ತದೆ. 1896ರಲ್ಲಿ ಅಲ್ಲಿ ನಡೆದ ಕ್ರೈಸ್ತರ ಶಿಬಿರಕ್ಕೆ ಅವರು ತಮ್ಮ ಹದಿನೈದು ಹುಡುಗಿಯರನ್ನು ಕರೆದೊಯ್ದಿದ್ದರು, ನಂಬಿಕೆಗೆ ಬಂದವರು ಅಷ್ಟೇ ಜನ. ಬೆಳಗಿನ ಜಾವ ಕಾಡಿನ ಏಕಾಂತದಲ್ಲಿ ಕೂತು, ಮುಂದಿನ ಶಿಬಿರದ ಹೊತ್ತಿಗೆ ಈ ಹದಿನೈದರ ವರ್ಗವನ್ನು ಕೊಡು ಎಂದು ಪ್ರಾರ್ಥಿಸಿದರು. ಹದಿನೈದು ಹದಿನೈದಲ 225. ಕೇಳಿದ ಮರುಕ್ಷಣವೇ ಸಂದೇಹ. ಸದನದಲ್ಲಿದ್ದ ಒಟ್ಟು ಹುಡುಗಿಯರೇ ಅಷ್ಟಿಲ್ಲ, ಅಷ್ಟು ಜನರಿಗೆ ಜಾಗವೂ ಇಲ್ಲ, ಹಣವೂ ಇಲ್ಲ. ಆಗ ಅವರು ಮಾಡಿದ್ದು ಸರಳ ಕೆಲಸ. ದಿನಕ್ಕಿಷ್ಟು ಎಂದು ಬೈಬಲ್ ವಚನಗಳನ್ನು ಕೊಡುವ ಕಿರುಪುಸ್ತಕ ಅವರ ಬಳಿ ಸದಾ ಇರುತ್ತಿತ್ತು. ಅದನ್ನು ತೆರೆದರು. ದೇವರಿಗೆ ಅಸಾಧ್ಯವಾದದ್ದು ಯಾವುದಾದರೂ ಉಂಟೇ ಎಂಬ ಅರ್ಥದ ಮಾತು ಆ ದಿನದ ಪುಟದಲ್ಲಿತ್ತು. ಸಂದೇಹದೊಡನೆ ವಾದಕ್ಕೆ ಕೂರದೆ ಆ ಮಾತನ್ನು ಹಿಡಿದು ಎದ್ದರು. ವಾಂಟೇಜ್‌ನಲ್ಲಿ ಪುಟಗಟ್ಟಲೆ ವಾದಿಸಿದವರು ಇವರೇ ಎಂಬುದನ್ನು ನೆನಪಿಡಿ.

ಆ ವರ್ಷವೇ ಮಧ್ಯಪ್ರಾಂತ್ಯದಲ್ಲಿ ಭೀಕರ ಬರ ಬಿತ್ತು. ಹಸಿವೆಂದರೇನೆಂದು ಬಲ್ಲ ರಮಾಬಾಯಿ ಸುಮ್ಮನೆ ಕೂರಲಾರದೆ ಅಲ್ಲಿಗೆ ಹೋಗಿ, ಅನಾಥ ಹುಡುಗಿಯರನ್ನು, ವಿಧವೆಯರನ್ನು ಮುನ್ನೂರರಷ್ಟು ಜನರನ್ನು ಕರೆತಂದರು. ಅವರಿಗೆ ನೆಲೆಯಾದದ್ದು ಕೇಡಗಾಂವ್‌ನಲ್ಲಿ ಕೊಂಡಿದ್ದ ಹೊಲ. ಮುಂದಿನ ಶಿಬಿರದ ಹೊತ್ತಿಗೆ ತಾನು ಕೇಳಿದ ಸಂಖ್ಯೆ ತುಂಬಿತ್ತೆಂದು ಅವರು ದಾಖಲಿಸಿದ್ದಾರೆ. ಅನ್ನ ಕೊಟ್ಟ ಕೈಯ ಧರ್ಮವನ್ನು ಹಸಿದ ಮಗು ಒಪ್ಪಿಕೊಂಡರೆ ಅದನ್ನು ಸ್ವಂತ ಆಯ್ಕೆ ಎನ್ನಬಹುದೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹಾಗೆಯೇ, ಆ ಮಕ್ಕಳನ್ನು ದಾರಿಯಲ್ಲಿ ಎತ್ತಿಕೊಳ್ಳಲು ಆ ಹೊತ್ತಿಗೆ ಹೋದವರು ಎಷ್ಟು ಜನ ಎಂಬುದನ್ನೂ ಕೇಳಬೇಕಾಗುತ್ತದೆ. 1900ರ ಗುಜರಾತ್ ಬರದ ನಂತರ ಮುಕ್ತಿಯಲ್ಲಿ ಸುಮಾರು ಎರಡು ಸಾವಿರ ಜನರಿದ್ದರು. ನೇಯ್ಗೆ, ಬೇಸಾಯ, ಎಣ್ಣೆ ಗಾಣ, ಮುದ್ರಣ ಎಲ್ಲವನ್ನೂ ಹೆಣ್ಣುಮಕ್ಕಳೇ ಮಾಡುತ್ತಿದ್ದರು.

ಇಷ್ಟು ಜನಕ್ಕೆ ದಿನಾ ಊಟ. ಬಾಸ್ಟನ್ನಿನ ಹತ್ತು ವರ್ಷದ ಮಾತು 1898ಕ್ಕೆ ಮುಗಿದಿತ್ತು. ಬ್ರಿಸ್ಟಲ್‌ನಲ್ಲಿ ಯಾರ ಬಳಿಯೂ ಕೈಚಾಚದೆ ಪ್ರಾರ್ಥನೆಯನ್ನೇ ನಂಬಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಅವರ ಬದುಕನ್ನು ರಮಾಬಾಯಿ ಓದಿ ಮೆಚ್ಚಿದ್ದರು. ಮುಕ್ತಿಯನ್ನೂ ಹಾಗೆಯೇ ನಡೆಸಲು ಹೊರಟರು. ನಿಶ್ಚಿತ ಆದಾಯವಿಲ್ಲ. ಹಾಗೆಂದು ಕಣ್ಣುಮುಚ್ಚಿ ಕೂರುವ ನಂಬಿಕೆಯೂ ಅಲ್ಲ. ಬಾವಿ ತೋಡಿಸಿದರು, ಹೊಲ ಮಾಡಿಸಿದರು. 1905ರ ಜೂನ್ ಕೊನೆಯಲ್ಲಿ ಅಲ್ಲಿನ ಹುಡುಗಿಯರಲ್ಲಿ ದೊಡ್ಡ ಆತ್ಮಿಕ ಉಜ್ಜೀವನ ಕಾಣಿಸಿಕೊಂಡಿತು. ಅಳು, ಪಾಪ ನಿವೇದನೆ, ಗಂಟೆಗಟ್ಟಲೆ ಪ್ರಾರ್ಥನೆ. ಇದೆಲ್ಲ ಅತಿಯಾಯಿತು ಎಂದ ಕ್ರೈಸ್ತರೂ ಇದ್ದರು. ಭಾರತದ ಹೆಣ್ಣುಮಕ್ಕಳು ದೇವರನ್ನು ತಮ್ಮ ರೀತಿಯಲ್ಲೇ ಸ್ತುತಿಸಲಿ ಎಂದು ರಮಾಬಾಯಿ ಅವರ ಪರ ನಿಂತರು.

ಆ ಹೊತ್ತಿಗೆ ಇನ್ನೊಂದು ಕೆಲಸ ಕೈಗೆತ್ತಿಕೊಂಡಿದ್ದರು, ಬೈಬಲಿನ ಮರಾಠಿ ಅನುವಾದ. ಆಗಿದ್ದ ಅನುವಾದದ ಸಂಸ್ಕೃತಮಯ ಭಾಷೆ ಹಳ್ಳಿಯ ಹೆಂಗಸರಿಗೆ ಅರ್ಥವಾಗುತ್ತಿರಲಿಲ್ಲ. ಸಂಸ್ಕೃತಕ್ಕೇ ಪಂಡಿತೆಯೆನಿಸಿದವರು ಸಂಸ್ಕೃತ ಪದಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯುತ್ತಾ, ಮೂಲವನ್ನು ಮೂಲದಲ್ಲೇ ನೋಡಬೇಕೆಂದು ನಡುವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತರು. ಒರೆಗೆ ಹಚ್ಚುವ ಅವರ ಹಳೆಯ ಸ್ವಭಾವ ಇಲ್ಲಿ ಮತ್ತೆ ಕಾಣುತ್ತದೆ. ಈಗ ಅದಕ್ಕೆ ನಿಲ್ಲಲು ನೆಲವಿತ್ತು.

ಮಗಳು ಮನೋರಮಾಬಾಯಿ ಬೆಳೆದು ತಾಯಿಯ ಬಲಗೈಯಾಗಿದ್ದರು. 1912ರ ಸುಮಾರಿಗೆ ಆಗಿನ ನಿಜಾಮ ಸಂಸ್ಥಾನದ ಗುಲ್ಬರ್ಗಾದಲ್ಲಿ, ನಮ್ಮ ಈಗಿನ ಕಲಬುರಗಿಯಲ್ಲಿ, ಶಾಲೆ ತೆರೆದು ಅವರೇ ನಡೆಸಿದರು. ತಾಯಿಯ ನಂತರ ಮುಕ್ತಿಯೂ ಅವರದೇ ಎಂದು ಎಲ್ಲರೂ ತಿಳಿದಿದ್ದರು. 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿನಲ್ಲಿ, ಮನೋರಮಾ ಮಿರಜಿನಲ್ಲಿ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಒಬ್ಬಳೇ ಮಗಳು. ಮೊದಲ ಸಾವುಗಳಾದಾಗ ರಮಾಬಾಯಿಯವರ ಬಾಲ್ಯದ ನಂಬಿಕೆ ಬಿರುಕು ಬಿಟ್ಟಿತ್ತು. ಅರವತ್ಮೂರರ ವಯಸ್ಸಿನಲ್ಲಿ, ಕಿವಿ ಪೂರ್ತಿ ಮಂದವಾಗಿ, ದೇಹ ಸೋತಿದ್ದಾಗ ಬಂದ ಈ ಸಾವಿಗೆ ಹಾಗಾಗಲಿಲ್ಲ. ದುಃಖವಿರಲಿಲ್ಲವೆಂದಲ್ಲ. ಮಾಡುತ್ತಿದ್ದ ಕೆಲಸಕ್ಕೆ ಮರಳಿದರು. ಮುಕ್ತಿಯ ಅಚ್ಚುಕೂಟದಲ್ಲಿ ಹುಡುಗಿಯರು ಮೊಳೆ ಜೋಡಿಸಿ ತೆಗೆದ ಕರಡು ಹಾಳೆಗಳು ದಿನವೂ ಬರುತ್ತಿದ್ದವು, ಅವನ್ನು ತಿದ್ದುತ್ತಿದ್ದರು.

1922ರ ವಸಂತದಲ್ಲಿ ಕಾಯಿಲೆ ಹೆಚ್ಚಾದಾಗ, ಉಳಿದ ಕರಡು ಮುಗಿಸಲು ಇನ್ನೂ ಕೆಲವು ದಿನ ಕೊಡು ಎಂದು ಅವರು ಪ್ರಾರ್ಥಿಸಿದರೆಂದು ಮುಕ್ತಿಯವರು ಹೇಳುತ್ತಾರೆ. ಕೊನೆಯ ಹಾಳೆ ತಿದ್ದಿ ಮುಗಿಯಿತು. ಏಪ್ರಿಲ್ 5ರಂದು ನಿದ್ದೆಯಲ್ಲೇ ಹೋದರು. ಅವರ ಮರಾಠಿ ಬೈಬಲ್ ಅದೇ ಅಚ್ಚುಕೂಟದಿಂದ 1924ರಲ್ಲಿ ಹೊರಬಂತು.